ಒಂದು ಬೆರಳು ಆಚೆ

ಆಡಳಿತ ಮಂಡಳಿಯ ಅಧ್ಯಕ್ಷರೇ, ಹಿರಿಯ ವೈದ್ಯರೇ, ನನ್ನ ಕೈಯಲ್ಲಿ ಬೈಸಿಕೊಂಡೇ ಕೆಲಸ ಕಲಿತ ಸಹೋದ್ಯೋಗಿಗಳೇ, ಹೊರಗೆ ಸರದಿ ಕಾದು ಬೇಜಾರಾಗಿ ಒಳಗೆ ಬಂದು ಕೂತ ರೋಗಿಗಳೂ ಸೇರಿದಂತೆ ಎಲ್ಲ ಸಭಿಕರೇ,

ಮೂವತ್ತೆರಡು ವರ್ಷ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಟ್ಟು ಇಂದು ನಿವೃತ್ತಳಾಗುತ್ತಿದ್ದೇನೆ. ನನಗಿಂತ ಮೊದಲು ಮಾತಾಡಿದವರೆಲ್ಲ ನನ್ನನ್ನು ಶಾಂತಮೂರ್ತಿ ಎಂದರು. ಮೂರನೇ ಸಾಲಿನಲ್ಲಿ ನನ್ನ ಗಂಡ ಕೆಮ್ಮಿದ್ದನ್ನು ನೀವೂ ಕೇಳಿಸಿಕೊಂಡಿರಿ.

ಶಾಂತಮೂರ್ತಿ ಎಲ್ಲಿಂದ ಬಂತು? ಕಿರಣ ಎಲ್ಲಿ ಬೀಳಬೇಕೆಂದು ರೋಗಿಯ ಚರ್ಮದ ಮೇಲೆ ಶಾಯಿಯಲ್ಲಿ ಗೆರೆ ಎಳೆಯುತ್ತೇವೆ. ಆಗ ನಮಗಿದ್ದ ಗುರುತು ಅದೊಂದೇ. ಅಳಿಸಿಕೊಂಡು ಬಂದವರಿಗೆ ಗ್ರಹಚಾರ ಬಿಡಿಸುತ್ತಿದ್ದೆ. ನನ್ನ ಒಡಹುಟ್ಟಿದ ಅಕ್ಕನೂ ಅದೇ ಮೇಜಿನ ಮೇಲೆ ಮಲಗಿದಳು. ಅವಳ ಗೆರೆ ಒಂದು ದಿನವೂ ಮಾಸಲಿಲ್ಲ. "ನೋಡಿ, ಕಲಿಯಿರಿ" ಎಂದು ಉಳಿದವರ ಮುಂದೆ ಬೀಗಿದೆ. ಹನ್ನೊಂದನೇ ದಿನ ಅವಳ ಚೀಲದಲ್ಲಿ ಮೊಮ್ಮಗಳ ಸ್ಕೆಚ್ ಪೆನ್ನು ಕಂಡಿತು.

"ಬೆವರಿಗೆ ಅಳಿಸಿಹೋಯ್ತು ಕಣೇ. ಎಲ್ಲರೆದುರು ಕೂಗಾಡ್ತೀಯಲ್ಲ ಅಂತ ಕನ್ನಡಿ ನೋಡ್ಕೊಂಡು ನಾನೇ ಎಳ್ಕೊಂಡೆ," ಅಂದಳು.

ಅಳೆದು ನೋಡಿದೆ. ಒಂದು ಬೆರಳು ಆಚೆ. ಎಷ್ಟು ದಿನದಿಂದ? ಅವಳಿಗೇ ನೆನಪಿರಲಿಲ್ಲ. ಅಕ್ಕ ಉಳಿಯಲಿಲ್ಲ. ಅದೇ ಕಾರಣವಲ್ಲ ಎಂದು ಹಿರಿಯ ವೈದ್ಯರು ಹೇಳಿದರು. ದೊಡ್ಡ ಮನಸ್ಸು ಅವರದು. ನನ್ನ ಬಾಯಿಗೆ ಹೆದರಿದವಳು ನನ್ನ ಅಕ್ಕ ಒಬ್ಬಳೇ ಆಗಿದ್ದಳೇ? ಇದನ್ನೆಲ್ಲ ನಾನು ಬರೆದುಕೊಂಡು ಬಂದಿರಲಿಲ್ಲ. ಇರಲಿ, ಬಂತು.

ಆಮೇಲೆ ನಾನೂ ನಮ್ಮ ರಿಪೇರಿ ಎಂಜಿನಿಯರೂ ಸೇರಿ ಆ ಹಳೆಯ ಯಂತ್ರಕ್ಕೆ ಕಿರಣ ಬಿದ್ದರೆ ಹೊಳೆಯುವ ಒಂದು ಫಲಕ, ಆ ಹೊಳಪನ್ನು ಹಿಡಿಯುವ ಒಂದು ಕ್ಯಾಮೆರಾ ಕೂರಿಸಿದೆವು. ಚಿಕಿತ್ಸೆಗೆ ಮೊದಲು ಕ್ಷಣಮಾತ್ರ ಕಿರಣ ಬಿಟ್ಟರೆ ಒಳಗಿನ ಮೂಳೆಯ ಚಿತ್ರ ಮೂಡುತ್ತದೆ. ತಪ್ಪಿದ್ದರೆ ಮೇಜು ಸರಿಸುತ್ತೇವೆ. ತಿಳಿದವರು ಪರೀಕ್ಷಿಸಿ ಒಪ್ಪಿದ್ದಾರೆ. ಚಿತ್ರ ಮಸುಕು, ನಿಜ. ಆದರೆ ಮೂಳೆಗೆ ನನ್ನ ಭಯವಿಲ್ಲ. ಅದು ಸುಳ್ಳು ಗೆರೆ ಎಳೆದುಕೊಳ್ಳುವುದಿಲ್ಲ.

ಈಗ ಅದನ್ನು ಕಳಚಬೇಕಂತೆ! ಆಸ್ಪತ್ರೆ ನೋಡಲು ಬಂದ ದೊಡ್ಡವರ ಕಣ್ಣಿಗೆ ಅದು ಗುಜರಿ ಸಾಮಾನಂತೆ. ಹೊಸ ಯಂತ್ರ ಬರುವವರೆಗೆ ಗೆರೆಯೇ ಸಾಕಂತೆ. ಹೊಸ ಯಂತ್ರ ಯಾವಾಗ ಸ್ವಾಮಿ? ನಾನು ಕೆಲಸಕ್ಕೆ ಸೇರಿದಾಗಿನಿಂದ ಅದು ಬರುತ್ತಲೇ ಇದೆ. ಗೆಡ್ಡೆಗೆ ಅಷ್ಟು ತಾಳ್ಮೆ ಇದೆಯೇ? ಬಡವರ ಗೆಡ್ಡೆಗೆ ಬೇರೆ ತಾಳ್ಮೆ ಇದೆಯೇ?

ಅಧ್ಯಕ್ಷರೇ, ಕಳಚಲು ಒಪ್ಪಿಗೆಯ ಕಾಗದ ಬೆಳಿಗ್ಗೆ ನನ್ನ ಸಹಿಗೆ ಬಂತು. ಹಾಕಲಿಲ್ಲ. ನಾಳೆ ನನ್ನ ಕುರ್ಚಿಗೆ ಬರುವವಳೂ ಹಾಕುವುದಿಲ್ಲ, ಕೇಳಿ ನೋಡಿ. ಕಳಚಲೇಬೇಕೆಂದರೆ ನೀವೇ ನೆಲಮಾಳಿಗೆಗೆ ಇಳಿದು ಬನ್ನಿ. ಬೆಂಚಿನ ಮೇಲೆ ಕೂತವರ ಮುಖ ಒಬ್ಬೊಬ್ಬರದಾಗಿ ನೋಡಿ, "ಕಿರಣ ಎಲ್ಲಿ ಬೀಳುತ್ತದೆಂದು ಇನ್ನು ನಾವು ನೋಡುವುದಿಲ್ಲ" ಎಂದು ಹೇಳಿ. ಅಷ್ಟು ಹೇಳಲು ಬಾಯಿ ಬಂದರೆ, ಸ್ಕ್ರೂ ನಾನೇ ಬಿಚ್ಚಿಕೊಡುತ್ತೇನೆ.

ಮಧ್ಯೆ ಮೈಕು ಕಸಿದುಕೊಳ್ಳದೆ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.