ಹೊಸ ಬಟ್ಟೆಯ ಕೌದಿ

ಕೋಪರಖೈರಣೆಯ ಬಸ್ ಸ್ಟಾಪಿನ ಸಾಲಿನಲ್ಲಿ, ಮರಾಠಿ-ಹಿಂದಿ ಮಾತುಗಳ ನಡುವೆ, ಬೆನ್ನ ಹಿಂದೆ ಕನ್ನಡ ಕೇಳಿಸಿದ್ದೇ ತಡ, ಲಕ್ಷ್ಮೀಕಾಂತನ ಕಿವಿ ನೆಟ್ಟಗಾಯಿತು. ವಿಜಯಪುರದ ಕಡೆಯ ಹೆಂಗಸರಿಬ್ಬರು. ಹಿರಿಯಳು ದಾನಮ್ಮ, ಮೇಡಂ ಒಬ್ಬಳು ಹೆಂಗಸರಿಗಾಗಿ ನಡೆಸುವ ಹೊಲಿಗೆ ಕೇಂದ್ರದಲ್ಲಿ ಕೌದಿ ಹೊಲಿಯುವವಳು. ಕಿರಿಯಳು ದ್ರೌಪದಿ; ಅವಳಿಗೂ ಅಲ್ಲೇ ಕೆಲಸ ಬೇಕಾಗಿತ್ತು.

“ಅಕ್ಕಾ, ನಿಮ್ಮ ಮೇಡಂಗ ನನ್ನ ಹೆಸರು ಹೇಳಿದ್ಯೇನು?”

“ಹೇಳತೀನಿ ತಡಿ. ಕೌದಿ ಅಂದ್ರ ಹಳೇ ಸೀರಿ ಹೊದಿಕಿ ಅಂತ ಮೊದಲ ಅಕಿಗೆ ಯಾರರ ಹೇಳ್ಲಿ.”

“ಯಾಕ? ನಮ್ಮಂಥವ್ರ ಮನಿ ನಡಸ್ತಾಳಂತ ಎಲ್ಲಾರೂ ಹೊಗಳ್ತಾರಲ್ಲ?”

“ನಡಸ್ತಾಳ, ಇಲ್ಲನ್ನಂಗಿಲ್ಲ. ಆದ್ರ ಹಳೇ ಸೀರಿ ವಾಸನಿ ಬರ್ತಾವಂತ, ಅಕಿಗೆ ಬ್ಯಾಡ. ಥಾನ್‌ಗಟ್ಲೆ ಹೊಸಾ ಬಟ್ಟಿ ತರಸ್ತಾಳ, ಹರೀರಿ ಅಂತಾಳ.”

“ಹೊಸಾದು ಹರಿಯೂದೇನು?”

“ಹರದು, ಚಾದಾಗ ಕುದಿಸಿ ಹಳೇದು ಮಾಡೂದು. ಮ್ಯಾಲ ‘ಅಜ್ಜಿ ಕೌದಿ’ ಅಂತ ಚೀಟಿ. ಘೋಡಬಂದರ್ ರೋಡಿನ ಮಾಲ್‌ನಾಗ ಶ್ಯಾಣ್ಯಾ ಮಂದಿ ಮುಗಿಬಿದ್ದು ಒಯ್ತಾರ. ಥೂ!”

“ನಮ್ಮ ಕಡೆ ಹೊಸಾ ಬಟ್ಟಿ ಹರಿಯೂದು ಹೆಣಕ್ಕಷ್ಟ ಅಲ್ಲೇನಕ್ಕಾ?”

“ಅದನ್ನೂ ಹೇಳಿದೆ. ‘ವಾವ್, ಕಿತ್ನಾ ಇಂಟರೆಸ್ಟಿಂಗ್’ ಅಂದು ಫೋನಿನ್ಯಾಗ ಬರಕೊಂಡ್ಲು.”

“ಹಂಗಾದ್ರ ಬಿಟ್ಟುಬಿಡು. ನಿನ್ನ ಜಾಗಾ ನನಗ ಕೊಡು.”

ಬಸ್ಸು ಬಂತು. ಲಕ್ಷ್ಮೀಕಾಂತನನ್ನು ಬದಿಗೊತ್ತಿ ಇಬ್ಬರೂ ಮುಂದೆ ನುಗ್ಗಿದರು. ಮೆಟ್ಟಿಲ ಮೇಲೆ ಕಾಲಿಟ್ಟ ದಾನಮ್ಮ ತಿರುಗಿ ನೋಡಿದಳು.

“ನಾಳೆ ಬಾ ನನ್ನ ಕೂಡ. ಮೊದಲ ದಿವಸ ಆ ಪರ್ರ್ ಅನ್ನೂ ಸಪ್ಪಳಕ್ಕ ಎದಿ ಝಲ್ಲಂತೈತಿ. ಆಮ್ಯಾಲ ಕೇಳಸೂದಿಲ್ಲ.”