ಗುಡ್ಡೆಯೊಳಗಿನ ಪಿಕ್ಕಾಸು

ಚಿಮಿಣಿ ದೀಪದ ಹತ್ತಿರ ಬನ್ನಿ, ಕಾಲು ಮಡಚಿ ಕೂತುಕೊಳ್ಳಿ. ಅಂಗಳಕ್ಕೆ ಹೋಗುದು ಉಂಟಾದರೆ ಈಗಲೇ ಹೋಗಿ ಬನ್ನಿ, ಮತ್ತೆ ಧೈರ್ಯ ಬರುದಿಲ್ಲ. ಇದು ನನ್ನ ಚಿಕ್ಕಮ್ಮನ ಮಗಳು ಸೇವಂತಿಯ ಮನೆಯಲ್ಲಿ ಆದದ್ದು. ಎಮರ್ಜೆನ್ಸಿಯ ಮುಂಚಿನ ಬೇಸಗೆ.

ಸೇವಂತಿಯ ಅಣ್ಣ ಜತ್ತಪ್ಪ ಬೆಳ್ಳಾರೆಯಿಂದ ಕೊನೇ ಬಸ್ಸಿಗೆ ಬಂದು ಇಳಿದ. ಉರಿಯುವ ತೆಂಗಿನ ಗರಿಯ ಸೂಟೆ ಬೀಸಿಕೊಂಡು ಗುಡ್ಡೆಯ ಬದಿಯಲ್ಲೇ ನಡೆದ. ಅಲ್ಲಿ ಧಣಿ ತ್ಯಾಂಪಣ್ಣನ ಸುರಂಗ. ನೀರಿಗಾಗಿ ಗುಡ್ಡೆಯ ಹೊಟ್ಟೆಗೆ ಅಡ್ಡ ಕೊರೆಯುದು, ಗೊತ್ತಲ್ಲ... ಅದರ ಬಾಯಿ ಮುನ್ನಾದಿನ ಕುಸಿದು ಮುಚ್ಚಿತ್ತು. ಒಳಗೆ ಸೇವಂತಿಯ ಗಂಡ ಚನಿಯಪ್ಪ ಇದ್ದ.

ಜತ್ತಪ್ಪನ ಕಾಲು ನಿಂತಿತು. ಮಣ್ಣಿನ ಆಚೆಯಿಂದ...

ಟುಕ್. ಟುಕ್. ಟುಕ್.

ಆಮೇಲೆ ಸರ್ರ್... ಮಣ್ಣು ಎಳೆಯುವ ಸದ್ದು.

ಪುನಃ ಟುಕ್. ಟುಕ್. ಟುಕ್.

ಚನಿಯಪ್ಪ ಪಿಕ್ಕಾಸು ಹೊಡೆಯುತ್ತಿದ್ದದ್ದೇ ಹಾಗೆ. ಮೂರು ಹೊಡೆತ, ಒಂದು ಎಳೆತ. ಅವನಂಥ ಸುರಂಗದವ ಸುಳ್ಯದಲ್ಲಿ ಬೇರೆ ಇರಲಿಲ್ಲ. ಬಂಡೆಗೆ ಕಿವಿ ಕೊಟ್ಟು ನೀರು ಎಲ್ಲಿ ಅಂತ ಹೇಳುತ್ತಿದ್ದ. ಕೆಲಸ ಬಿಟ್ಟರೆ ಉಳಿದವರು ಶರಾಬಿನ ಗಡಂಗಿಗೆ, ಇವ ಮನೆಗೆ. ಮಗಳು ನೀಲಾವತಿಯನ್ನು ಹೆಗಲಿಂದ ಇಳಿಸುತ್ತಿರಲಿಲ್ಲ. ಹೆಂಡತಿಯ ಸೆರಗಿನ ಗಂಟು ಅಂತ ಜನ ತಮಾಷೆ ಮಾಡುತ್ತಿದ್ದರು.

ಜತ್ತಪ್ಪ ಓಡಿ ಬಂದು ಪಿಸುಗುಟ್ಟಿದ. "ತಂಗೀ, ಭಾವ ಕುಲೆ ಆಗಿ ಬಂದಿದ್ದಾನೆ." ಕುಲೆ ಅಂದರೆ ಸತ್ತವರ ಜೀವ.

ಸೇವಂತಿ ಆ ಕತ್ತಲಲ್ಲೇ ಧಣಿಯ ಮನೆಗೆ ಹೋದಳು. ಕುಸಿದ ದಿನ ಜನ ಮಣ್ಣು ತೆಗೆಯುತ್ತಿದ್ದದ್ದು ಹೌದು. ಆದರೆ ಸಂಜೆಗೆ ಮಣ್ಣಿನ ಬುಡದಿಂದ ನೀರು ಬಂತು, ತೋಳು ದಪ್ಪದ ನೀರು. ಇನ್ನು ಮುಟ್ಟಿದರೆ ಒರತೆ ತಪ್ಪುತ್ತದೆ, ಸತ್ತವ ಹೇಗೂ ಸತ್ತ ಅಂತ ತ್ಯಾಂಪಣ್ಣ ಕೆಲಸ ನಿಲ್ಲಿಸಿದ್ದ.

"ಧಣಿಗಳೇ, ಅವರಿಗೆ ಜೀವ ಉಂಟು. ಮಣ್ಣು ತೆಗೆಸಿ."

"ನಿನ್ನ ಗಂಡ ಎಂತ ಹೆಗ್ಗಣವಾ, ಮಣ್ಣೊಳಗೆ ಬದುಕಲಿಕ್ಕೆ?"

"ಹೆಗ್ಗಣ ಮೂರು ಹೊಡೆದು ನಿಲ್ಲಿಸ್ತದಾ?"

ತ್ಯಾಂಪಣ್ಣ ಊರಿನ ಹಿರಿಯರನ್ನು ಕರೆಸಿದ. ಅವರೂ ಹೋಗಿ ಸುರಂಗದ ಬಾಯಿಯ ಮಣ್ಣಿಗೆ ಕಿವಿ ಕೊಟ್ಟರು. ಕುಲೆಯೇ, ಹಸಿದಿದೆ, ಈಗ ಮಣ್ಣು ಮುಟ್ಟಿದವನನ್ನು ಕರಕೊಂಡು ಹೋಗ್ತದೆ ಅಂದರು. ಮತ್ತೆ ಯಾರು ಹಾರೆ ಹಿಡೀತಾರೆ? ಸೇವಂತಿ ಬರಿಗೈಯಲ್ಲಿ ತೋಡಲಿಕ್ಕೆ ಕೂತಳು. ಎಳೆದು ತಂದು ಅವಳನ್ನು ಕಂಬಕ್ಕೆ ಕಟ್ಟಿದ್ದು ಜತ್ತಪ್ಪನೇ.

ಸುರಂಗದ ಬಾಯಿಗೆ ಬಾಳೆ ಎಲೆ ಹಾಕಿ ಕುಚ್ಚಲಕ್ಕಿ ಅನ್ನ, ಕೋಳಿ ಗಸಿ ಬಡಿಸಿದರು. ಉಂಡು ಹೋಗು ಅಂತ ಕೈಮುಗಿದು, ತಿರುಗಿ ನೋಡದೆ ಬಂದರು. ಒಳಗೆ ಟುಕ್... ಟುಕ್... ಮರುದಿನ ಒಂದೊಂದೇ ಟುಕ್... ಆಮೇಲೆ ಇಲ್ಲ. ಕುಲೆಗೆ ತೃಪ್ತಿ ಆಯ್ತು ಅಂದರು ಜನ. ಎಲೆಯೂ ಕಾಣಲಿಲ್ಲ. ನಾಯಿ ಎಳೆದಿರಬೇಕು ಅಂದುಕೊಂಡರು.

ಮುಂದಿನ ಬೇಸಗೆಗೆ ನೀರು ನಿಂತಿತು. ತ್ಯಾಂಪಣ್ಣ ಗುರುವಪ್ಪ ಅನ್ನುವವನಿಂದ ಮಣ್ಣು ತೆಗೆಸಿದ. ಗುರುವಪ್ಪ ಮೇಣದಬತ್ತಿ ಹಿಡಿದು ಒಳಗೆ ಹೋದವ ಬತ್ತಿ ಅಲ್ಲೇ ಬಿಟ್ಟು ಹೊರಗೆ ಓಡಿ ಬಂದ. ಚನಿಯಪ್ಪ ಒಳಗಿಂದ ಕೊರೆದು ಕೊರೆದು ಬಾಯಿಯ ತನಕ ಬಂದಿದ್ದ. ಉಳಿದದ್ದು ಒಂದೇ ಮೊಳ ಮಣ್ಣು. ಎಲುಬು ಕೂತಲ್ಲೇ ಇತ್ತು, ಬಂಡೆಗೆ ಒರಗಿ. ಮಡಿಲಲ್ಲಿ ಬಾಳೆ ಎಲೆಯ ಕಟ್ಟು, ಬಾಳೆನಾರಿನ ಗಂಟು. ಒಂದು ವರ್ಷ ಆದರೂ ಎಲೆ ಹಸಿರು... ಎಲ್ಲಿ ಉಂಡರೂ ಅರ್ಧ ಮಗಳಿಗೆ ಕಟ್ಟಿಕೊಳ್ಳುವ ಅಭ್ಯಾಸ ಚನಿಯಪ್ಪನದ್ದು.

ತ್ಯಾಂಪಣ್ಣನಿಗೆ ಎಂತದೂ ಆಗಲಿಲ್ಲ. ಮೊಮ್ಮಕ್ಕಳ ಮದುವೆ ನೋಡಿ, ನಿದ್ದೆಯಲ್ಲೇ ಹೋದ. ಜತ್ತಪ್ಪನ ಎರಡೂ ಕಿವಿ ಕೆಟ್ಟಿತು. ಗುರುವಪ್ಪ ಸುರಂಗ ಬಿಟ್ಟು ಜಾಲ್ಸೂರಿನಲ್ಲಿ ಲಾರಿಗೆ ಲೋಡು ಹಾಕಲಿಕ್ಕೆ ಸೇರಿದ. ಸೇವಂತಿ ಬೀಡಿ ಕಟ್ಟಿ ಮಗಳನ್ನು ಸಾಕಿದಳು. ಆ ಕಟ್ಟನ್ನು ಹೂಳಿ ಅಂತ ಎಲ್ಲರೂ ಹೇಳಿದರು. ಅವಳು ಕೇಳಲಿಲ್ಲ. ಬಿಚ್ಚಿ, ಮಗಳಿಗೆ ಉಣ್ಣಿಸಿದಳು.

ನೀಲಾವತಿ ಈಗ ಕಡಬದಲ್ಲಿದ್ದಾಳೆ, ಮಕ್ಕಳು ಮರಿ ಎಲ್ಲ ಉಂಟು. ನಂಬುದಿಲ್ಲವಾದರೆ ಹೋಗಿ ಅವಳನ್ನೇ ಕೇಳಿ. ಹೇಳ್ತಾಳೆ... ಅನ್ನ ಬಿಸಿ ಇತ್ತು ಅಂತ.