ಹೆಸರು ಹೇಳದವರು

ಸಂಜೆ ಕೆಲಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಅಕ್ಕ, ತಮ್ಮ ಇಬ್ಬರು ಕೂತಿದ್ದರು. ತಮ್ಮನ ಖಾಕಿ ಅಂಗಿಯ ಮೇಲೆ ‘ಗೈಡ್’ ಎಂದು ಬರೆದ ಬಿಲ್ಲೆ ಇತ್ತು. ಅವನು ಶೂ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದ.

“ಇವತ್ತಾದ್ರೂ ತೋರ್ಸಿದ್ಯೇನ್ಲಾ ಮೂರ್ತಿ?”

“ಬೆಂಗಳೂರಿನೋರು ನಾಕು ಜನ ಅಕ್ಕ. ಹತ್ತು ಮೈಲಿ ನಡೆಸ್ದೆ. ಜಿಂಕೆ ಬ್ಯಾಡ, ನವಿಲು ಬ್ಯಾಡ, ಅದೊಂದೇ ಬೇಕು ಅಂದ್ರು.”

“ಸಿಗ್ಲಿಲ್ವಾ?”

“ಸಿಕ್ದ. ಹಳ್ಳದಾಚೆ ಬಿದಿರು ಮುರೀತಾ ನಿಂತಿದ್ದ. ‘ಸ್ವಾಮಿ ಅವ್ನೆ, ಸದ್ದು ಮಾಡ್ಬೇಡಿ’ ಅಂತ ಮೆಲ್ಲಗೆ ಅಂದೆ.”

“ಆಮೇಲೆ?”

“ಯಾವ್ದೋ ಗುಡಿ ಐತೆ ಅಂದ್ಕಂಡ್ರು. ನಾಕು ಜನಾನೂ ಬಗ್ಗಿ ಶೂ ಬಿಚ್ಚಾಕೆ ಕೂತ್ರು. ಅವ್ರು ತಲೆ ಎತ್ತೋಷ್ಟ್ರಲ್ಲಿ ಹೊಂಟೋದ.”

ಅಕ್ಕ ನಗಲಿಲ್ಲ.

“ಆನೆ ಅಂತ ಬಾಯಿಬಿಟ್ಟು ಅನ್ನಾಕೆ ಏನ್ಲಾ ನಿಂಗೆ?”

“ಕಾಡಾಗೆ ನಿಂತ್ಕಂಡು ಹೆಸ್ರು ಹಿಡೀತಾರಾ? ನಮ್ಮಪ್ಪ ಒಂದಿನಾನಾದ್ರೂ ಹಿಡಿದಿದ್ನಾ?”

“ಅಪ್ಪನ ಕಾಲ ಹೋಯ್ತು. ಆಫೀಸ್ನೋರು ಏನಂದ್ರು?”

“ಬೆಂಗಳೂರಿನೋರು ಕಂಪ್ಲೇಂಟ್ ಬರ್ದು ಕೊಟ್ಟೋದ್ರು. ಇನ್ನೊಂದು ಬಂದ್ರೆ ಬಿಲ್ಲೆ ವಾಪಸ್ ಕೊಡು ಅಂದವ್ರೆ ಆಫೀಸ್ನೋರು.”

“ಮತ್ತೆ? ಹೆಸ್ರು ಹೇಳಿದ್ರೆ ಬಾಯೇನು ಬಿದ್ದೋಗಾಕಿಲ್ಲ.”

ಅವನು ಶೂಗೆ ಕಾಲು ತುರುಕುತ್ತಾ ಕೇಳಿದ:

“ಹೊಲದ ಕಡೆ ಹೋಗಿದ್ಯಾ? ರಾಗಿ ಹೆಂಗೈತೆ?”

ತಳಿ ಬಸ್ಸು ಬಂದು ನಿಂತಿತು. ಅಕ್ಕ ಚೀಲ ಎತ್ತಿಕೊಂಡು ಎದ್ದಳು. ಸುತ್ತ ಒಮ್ಮೆ ನೋಡಿದಳು. ಆಮೇಲೆ ದನಿ ತಗ್ಗಿಸಿ ಅಂದಳು:

“ಅರ್ಧ ಹೊಲ ತುಳ್ದು ಹೋಗವ್ನೆ ಕಣ್ಲಾ, ಸ್ವಾಮಿ.”